ಧರ್ಮ ಬಿಟ್ಟಿದ್ದೇವೆ, ಊರು ಬಿಟ್ಟಿಲ್ಲ

ನಮ್ಮ ಮನೆಗೆ ಬಂದುಹೋದ ಮಠದ ಪೂಜ್ಯ ಅಜ್ಜಾವರಿಗೆ, ಕೀರ್ತನಕಾರ ಮಹಾರಾಜರಿಗೆ, ಸುತ್ತಲಿನ ಊರುಗಳ ದೇವಸ್ಥಾನ ಪಂಚಕಮಿಟಿಯ ಹಿರಿಯರಿಗೆ ಲಿಂಗನೂರಿನಿಂದ ಒಂದು ಬಹಿರಂಗ ಪತ್ರ



ನಾನು, ನನ್ನ ತಮ್ಮ, ಅವನ ಹೆಂಡತಿ, ನಮ್ಮ ಮಕ್ಕಳು ಬೌದ್ಧ ಧಮ್ಮದೀಕ್ಷೆ ತೆಗೆದುಕೊಂಡು ಕಾಗದಪತ್ರದಲ್ಲೂ ಹಿಂದೂ ಧರ್ಮ ಬಿಟ್ಟೆವು ಎಂದು ತಿಳಿದಾಗ ನೀವು ನಮ್ಮ ಕೇರಿಯವರೆಗೆ ಬಂದಿರಿ. ಗದರಿಸಲಿಲ್ಲ, ಬೈಯಲಿಲ್ಲ. ಹಿರಿಯರೊಬ್ಬರು ನನ್ನ ಹೆಸರು ಹಿಡಿದು ಕರೆದು, "ಯಾರು ಏನ ಅಂದ್ರವ್ವಾ ನಿಮಗ? ಹೇಳು, ಕರೆಸಿ ಬುದ್ಧಿ ಹೇಳ್ತೀವಿ. ನೀವು ನಮ್ಮವ್ರು, ತಿರುಗಿ ಬರ್ರಿ" ಎಂದರು. ಆ ಮಾತಿನಲ್ಲಿದ್ದ ಕಕ್ಕುಲಾತಿಯನ್ನು ನಾನು ಸುಳ್ಳು ಅನ್ನುವುದಿಲ್ಲ. ಮನೆಗೆ ಬಂದವರ ಎದುರಿಗೆ ವಾದ ಹೂಡುವುದು ನಮ್ಮ ಕಡೆ ರೂಢಿಯಲ್ಲವಾದ್ದರಿಂದ ಅಂದು ಸುಮ್ಮನಿದ್ದೆ. ನೀವು ಹೋದ ಮೇಲೆ ಬೇರೆಯೇ ಮಾತು ಹಬ್ಬಿತು: ಯಾರೋ ಏನೋ ಅಂದಿದ್ದಕ್ಕೆ ಸಿಟ್ಟು ಮಾಡಿಕೊಂಡು ಹೋಗಿದ್ದಾರೆ, ಸಿಟ್ಟು ಇಳಿದ ಮೇಲೆ ಬರುತ್ತಾರೆ ಅಂತ. ಅದು ನಿಜವಲ್ಲ. ನಿಜ ಏನು ಎಂದು ಹೇಳುವುದು ನನ್ನ ಜವಾಬ್ದಾರಿ.

ನಮ್ಮ ಕಚೇರಿಯ ಭಾಷೆ ಮರಾಠಿ, ದೀಕ್ಷೆಯ ಪ್ರತಿಜ್ಞೆಗಳನ್ನು ಹೇಳಿದ್ದೂ ಮರಾಠಿಯಲ್ಲೇ. ಈ ಪತ್ರವನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ನಿಮ್ಮ ಪ್ರವಚನ ನಡೆಯುವುದು ಕನ್ನಡದಲ್ಲಿ, ಮತ್ತು ಇದನ್ನು ಓದಿ ಹೇಳಿದರೆ ನನ್ನ ಅವ್ವನಿಗೆ ತಿಳಿಯಬೇಕು. ಅವ್ವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಪತ್ರ ನಿಜವಾಗಿ ಇರುವುದೇ ಅವಳಿಗಾಗಿ.

ಮೊದಲು ಸಿಟ್ಟಿನ ಮಾತು. ಸಿಟ್ಟಿನಲ್ಲಿ ಮನುಷ್ಯ ಒಂದು ದಿನ ಊಟ ಬಿಡಬಹುದು, ಧರ್ಮ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಈ ವಿಚಾರ ಶುರುವಾದದ್ದು ನಾನು ಹುಟ್ಟುವ ಮೊದಲು. ಅಜ್ಜ ಊರಿನ ತರಾಳಕಿ ಮಾಡುತ್ತಿದ್ದ. ಸತ್ತ ದನ ಎಳೆಯುವುದು, ಸಾವಿನ ಸುದ್ದಿ ಹೊತ್ತು ಪರವೂರಿಗೆ ಓಡುವುದು, ಚಾವಡಿಯ ಮುಂದೆ ಕಾಯುವುದು ಅವನ ಪಾಲಿನ ಕೆಲಸ. ಅದಕ್ಕೆ ಪ್ರತಿಯಾಗಿ ವತನದ ಒಂದು ತುಂಡು ಹೊಲ, ಸುಗ್ಗಿಯಲ್ಲಿ ಕಣದ ಅಂಚಿನ ಕಾಳು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಭಿಕ್ಖು ಚಂದ್ರಮಣಿಯವರಿಂದ ದೀಕ್ಷೆ ಪಡೆದು, ಲಕ್ಷಾಂತರ ಜನರಿಗೆ ತಾವೇ ಇಪ್ಪತ್ತೆರಡು ಪ್ರತಿಜ್ಞೆ ಬೋಧಿಸಿದರಲ್ಲ, ಅಲ್ಲಿಗೆ ಅಜ್ಜ ಹೋಗಿರಲಿಲ್ಲ. ರೈಲಿನ ಖರ್ಚಿಗೆ ದುಡ್ಡಿರಲಿಲ್ಲ. ಡಿಸೆಂಬರ್ 6ಕ್ಕೆ ಬಾಬಾಸಾಹೇಬರು ತೀರಿಕೊಂಡ ಸುದ್ದಿ ಬಂದ ಮೇಲೆ, ಮಿರಜಿನಿಂದ ಬಂದ ಕಾರ್ಯಕರ್ತರ ಎದುರಿಗೆ ಕೇರಿಯ ಕೆಲವರ ಜೊತೆ ನಿಂತು ತ್ರಿಸರಣ, ಪಂಚಶೀಲ ಹೇಳಿದ. ಸತ್ತ ದನ ಎಳೆಯುವುದನ್ನು ಬಿಟ್ಟ. ವತನದ ಹೊಲ ಹೋಗುತ್ತದೆ ಎಂದು ಹೆದರಿಸಿದವರಿದ್ದರು. ಎರಡೇ ವರ್ಷಕ್ಕೆ, 1958ರಲ್ಲಿ, ಮುಂಬೈ ಸರ್ಕಾರವೇ ಈ ಕೆಳ ವತನಗಳನ್ನೆಲ್ಲ ರದ್ದು ಮಾಡುವ ಕಾಯ್ದೆ ತಂದಿತು.

ಅಜ್ಜ ಒಬ್ಬನೇ ಹೀಗೆ ಮಾಡಿದ್ದಲ್ಲ. 1951ರ ಜನಗಣತಿಯಲ್ಲಿ ಈಗಿನ ಮಹಾರಾಷ್ಟ್ರದ ಭಾಗದಲ್ಲಿ ಬೌದ್ಧರು ಎರಡೂವರೆ ಸಾವಿರದಷ್ಟು ಇದ್ದರು. 1961ರ ಗಣತಿಗೆ ಸುಮಾರು 27.9 ಲಕ್ಷ. 2011ರಲ್ಲಿ 65 ಲಕ್ಷ ದಾಟಿತ್ತು. ಇಷ್ಟು ಜನರಿಗೆ ಯಾರೋ ಏನೋ ಅಂದು, ಎಲ್ಲರಿಗೂ ಒಟ್ಟಿಗೆ ಸಿಟ್ಟು ಬಂದಿತ್ತು ಎಂದು ನೀವು ನಂಬುತ್ತೀರಾ?

ನಿಮ್ಮಲ್ಲಿ ಒಬ್ಬರು ಕೇಳಿದಿರಿ: "ಅಜ್ಜನ ಕಾಲಕ್ಕೇ ಬೌದ್ಧರಾಗಿದ್ರೆ ಈಗ ಹೊಸದಾಗಿ ಕಾಗದ ಯಾಕ ಮಾಡಸ್ತೀರಿ?" ಸರಿಯಾದ ಪ್ರಶ್ನೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂಗಳು ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಅದಕ್ಕೆ ಸಿಖ್ಖರನ್ನು ಸೇರಿಸಿದರು. ಬೌದ್ಧರು ಮಾತ್ರ ಹೊರಗೇ ಉಳಿದರು. ಮಹಾರಾಷ್ಟ್ರ ರಾಜ್ಯ ಹುಟ್ಟಿದ ಮೇಲೆ ನಮ್ಮ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ಹುಟ್ಟಿದ ಯಶವಂತರಾವ್ ಚವ್ಹಾಣರ ಸರ್ಕಾರ ರಾಜ್ಯದ ಮಟ್ಟಿಗೆ ಬೌದ್ಧರಿಗೂ ಸವಲತ್ತು ಕೊಟ್ಟಿತು. ಆದರೆ ರೈಲ್ವೆ, ಅಂಚೆ, ಬ್ಯಾಂಕಿನ ನೌಕರಿಯಲ್ಲಿ ಮೀಸಲಾತಿ ಬೇಕೆಂದರೆ ದಾಖಲೆಯಲ್ಲಿ ಹಿಂದೂ ಎಂದೇ ಇರಬೇಕಾಗಿತ್ತು. 1990ರಲ್ಲಿ ಕೇಂದ್ರ ಕಾಯ್ದೆ ತಿದ್ದುವವರೆಗೆ ಇದೇ ಸ್ಥಿತಿ. ಅದಕ್ಕೇ ನನ್ನ ಅಪ್ಪ ಗೋಡೆಗೆ ಬುದ್ಧನ ಪಟ ಹಾಕಿ, ಶಾಲೆಯಲ್ಲಿ ನನ್ನ ಹೆಸರಿನ ಮುಂದೆ "ಹಿಂದೂ ಮಹಾರ" ಎಂದು ಬರೆಸಿದ. ಹೆಡ್ ಮಾಸ್ತರರ ಟೇಬಲ್ಲಿನ ಮುಂದೆ ಅವನು ಒಂದು ಗಳಿಗೆ ತಡೆದು ನಿಂತದ್ದು ನನಗೆ ನೆನಪಿದೆ. ಮನೆಯಲ್ಲಿ ಒಂದು ಧರ್ಮ, ದಾಖಲೆಯಲ್ಲಿ ಇನ್ನೊಂದು. ಒಂದು ಪೀಳಿಗೆ ಹೀಗೆಯೇ ಬದುಕಿತು. ಈಗ ಪ್ರತಿಜ್ಞಾಪತ್ರ ಮಾಡಿಸಿ, ದೀಕ್ಷೆಯ ಪ್ರಮಾಣಪತ್ರ ಲಗತ್ತಿಸಿ, ಗೆಜೆಟ್‌ನಲ್ಲಿ ಪ್ರಕಟಿಸಿದ್ದು ಆ ಎರಡನ್ನೂ ಒಂದು ಮಾಡಲಿಕ್ಕೆ. ನಮ್ಮ ಮಕ್ಕಳು ಅರ್ಜಿ ತುಂಬುವಾಗ ಅಪ್ಪನ ಹಾಗೆ ತಡೆದು ನಿಲ್ಲಬಾರದು.

ಬುದ್ಧ ವಿಷ್ಣುವಿನ ಒಂಬತ್ತನೆಯ ಅವತಾರ, ಹಾಗಾಗಿ ನೀವು ಎಲ್ಲಿಗೂ ಹೋಗಿಲ್ಲ ಎಂದರು ಕೀರ್ತನಕಾರ ಮಹಾರಾಜರು. ಮಹಾರಾಜರೆ, ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಐದನೆಯದೇ ಈ ಮಾತನ್ನು ನಿರಾಕರಿಸುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ನಮಗೆ ದೀಕ್ಷೆ ಆಗಿದ್ದು. ಅವತಾರವೆಂದು ನಂಬುವುದು ನಿಮ್ಮ ಹಕ್ಕು. ಅದನ್ನು ಒಪ್ಪದ ನಮ್ಮನ್ನು ಆ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಡಿ.

ಅದಾದ ಮೇಲೆ ಮಹಾರಾಜರು ಚೋಖೋಬಾನ ಹೆಸರು ಹೇಳಿದರು. ವಿಠ್ಠಲನ ಭಕ್ತಿಯಲ್ಲಿ ಮಹಾರ, ಬ್ರಾಹ್ಮಣ ಎಂಬ ಭೇದವಿಲ್ಲ, ನಿಮ್ಮವನೇ ಚೋಖಾಮೇಳಾ ಸಂತನಾಗಲಿಲ್ಲವೇ ಎಂದರು. ನಮ್ಮ ಅಜ್ಜಾವರು ಬಸವಣ್ಣನವರ ಹೆಸರು ಹೇಳಿದರು. ಇಬ್ಬರೂ ನಮಗೆ ಪರಕೀಯರಲ್ಲ. ಇಬ್ಬರ ಹೆಜ್ಜೆಗುರುತೂ ನಮ್ಮಿಂದ ಬಹಳ ದೂರವಿಲ್ಲದ ಮಂಗಳವೇಢೆಯಲ್ಲಿದೆ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಬಿಜ್ಜಳನ ಕರಣಿಕರಾಗಿದ್ದದ್ದು ಅಲ್ಲಿ. ಚೋಖೋಬಾ ಸತ್ತದ್ದೂ ಅಲ್ಲೇ. ಊರಿನ ಗೋಡೆ ಕಟ್ಟುವ ಬಿಟ್ಟಿ ಕೆಲಸಕ್ಕೆ ಹಿಡಿದು ತಂದಿದ್ದ ಮಹಾರರಲ್ಲಿ ಅವನೂ ಒಬ್ಬ. ಗೋಡೆ ಕುಸಿದು ಅಡಿಯಲ್ಲಿ ಸಿಕ್ಕ. 1338 ಎನ್ನುತ್ತದೆ ಪರಂಪರೆ. ನಾಮದೇವರು ಬಂದು, ವಿಠ್ಠಲ ನಾಮ ಕೇಳಿಸುವ ಎಲುಬುಗಳನ್ನು ಆರಿಸಿ ಪಂಢರಪುರಕ್ಕೆ ಒಯ್ದರಂತೆ. ಸಮಾಧಿ ಎಲ್ಲಿದೆ? ಮಹಾದ್ವಾರದ ಹೊರಗೆ, ಮೆಟ್ಟಿಲ ಎದುರಿಗೆ. ಬದುಕಿದ್ದಾಗ ಎಲ್ಲಿಯವರೆಗೆ ಬರಲು ಬಿಟ್ಟಿದ್ದರೋ ಸತ್ತ ಮೇಲೂ ಅಲ್ಲಿಯವರೆಗೆ. ಅವನ ಜಾತಿಯವರಿಗೆ ಆ ಬಾಗಿಲು ತೆರೆಯಲು ಸಾನೆ ಗುರೂಜಿ 1947ರ ಮೇ ತಿಂಗಳಲ್ಲಿ ಹತ್ತು ದಿನ ಉಪವಾಸ ಕೂರಬೇಕಾಯಿತು. ನಡುವೆ ಆರು ನೂರು ವರ್ಷ. ಆ ಆರು ನೂರು ವರ್ಷವೂ ಪ್ರತಿ ಆಷಾಢಿಗೆ ದಿಂಡಿಗಳು ನಡೆದಿವೆ, ಚೋಖೋಬಾನ ಅಭಂಗಗಳನ್ನು ಹಾಡಿದ್ದಾರೆ, ಹಾಡಿದವರು ಒಳಗೆ ಹೋಗಿದ್ದಾರೆ, ಚೋಖೋಬಾನ ಮಕ್ಕಳು ಮೆಟ್ಟಿಲ ಬಳಿ ನಿಂತಿದ್ದಾರೆ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದ ಗ್ರಂಥವನ್ನು ನಂದನಾರ್, ರವಿದಾಸ, ಚೋಖಾಮೇಳಾ ಈ ಮೂವರ ನೆನಪಿಗೆ ಅರ್ಪಿಸಿದರು. ಚೋಖೋಬಾನನ್ನು ನಾವು ಬಿಟ್ಟಿಲ್ಲ, ಮಹಾರಾಜರೆ. ಅವನನ್ನು ಮೆಟ್ಟಿಲ ಬಳಿ ನಿಲ್ಲಿಸಿದ ವ್ಯವಸ್ಥೆಯನ್ನು ಬಿಟ್ಟಿದ್ದೇವೆ.

ಬಸವಣ್ಣನವರ ವಿಷಯದಲ್ಲಿ ನನ್ನ ನೋವು ಇನ್ನೂ ಹೆಚ್ಚು, ಯಾಕೆಂದರೆ ಭರವಸೆಯೂ ಹೆಚ್ಚಾಗಿತ್ತು. ಶ್ರಾವಣದಲ್ಲಿ ನಡೆಯುವ ಪುರಾಣ ಪ್ರವಚನಕ್ಕೆ ಅವ್ವ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಪ್ರಸಂಗ ಬಂದಾಗ, ಆ ಇಬ್ಬರು ಬೀಗರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದ್ದು ಕೇಳಿ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನಾವು ಮಂಟಪದ ಹೊರಗಿನ ಬೇವಿನ ಕೆಳಗೆ ಕೂತು ಅಳುತ್ತಿದ್ದೆವು. ಮಂಟಪದ ಒಳಗೆ ಜಾಗ ಇದ್ದಾಗಲೂ ನಾವು ಬೇವಿನ ಕೆಳಗೇ. ಕಲ್ಯಾಣದಲ್ಲಿ ಆ ಮದುವೆ ಎಂಟು ನೂರು ವರ್ಷಗಳ ಹಿಂದೆ ನಡೆಯಿತು. ನಮ್ಮ ಸೀಮೆಯಲ್ಲಿ ಇಂದು ಅಂಥ ಮದುವೆಯಾದ ಹುಡುಗ ಹುಡುಗಿ ಊರಿಗೆ ಬರಲು ಹೆದರುತ್ತಾರೆ. ಅವರ ಪರವಾಗಿ ಮಠದ ಗದ್ದಿಗೆಯಿಂದ ಒಂದು ಮಾತು ಬಂದದ್ದನ್ನು ನಾನು ಕೇಳಿಲ್ಲ. ಶರಣರ ಮೇಲೆ ನನಗಿರುವ ಗೌರವ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ ನನ್ನ ಹಿರಿಯರೇ. ಆದರೆ ಅವರ ಹೆಸರು ಹೇಳಿ ನಮ್ಮನ್ನು ಕರೆಯುವ ಅಧಿಕಾರ, ಅವರಂತೆ ನಡೆದವರಿಗೆ ಮಾತ್ರ ಇದೆ.

ನಿಮ್ಮಂಥ ಗುರುಗಳು ಮನವೊಲಿಸಲು ಬಂದದ್ದು ಇದೇ ಮೊದಲಲ್ಲ. 1930ರ ಮಾರ್ಚ್ 2ರಿಂದ ನಾಸಿಕದ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ವರ್ಷಗಟ್ಟಲೆ ಸತ್ಯಾಗ್ರಹ ನಡೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್‌ನಲ್ಲಿ ಯೇವಲೆಯಲ್ಲಿ ಬಾಬಾಸಾಹೇಬರು, ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಆಗ ಎಲ್ಲ ಕಡೆಯಿಂದ ಧರ್ಮಗುರುಗಳು ಓಡಿ ಬಂದರು. ಮಸೂರಕರ ಮಹಾರಾಜರು ಬಂದು ಮಾತಾಡಿದಾಗ ಬಾಬಾಸಾಹೇಬರು ಇಟ್ಟ ಬೇಡಿಕೆಯನ್ನು ಧನಂಜಯ ಕೀರ್ ತಮ್ಮ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾರೆ: ಅಸ್ಪೃಶ್ಯರ ಮುಖಂಡ ಸಕಟ ಅವರನ್ನು ಒಂದು ವರ್ಷದ ಮಟ್ಟಿಗೆ ಶಂಕರಾಚಾರ್ಯರ ಪೀಠದಲ್ಲಿ ಕೂಡಿಸಿ, ಪುಣೆಯ ನೂರು ಚಿತ್ಪಾವನ ಕುಟುಂಬಗಳು ಅವರಿಗೆ ಅಡ್ಡಬೀಳಲಿ. ಅದಕ್ಕೆ ಯಾರೂ ಮುಂದೆ ಬರಲಿಲ್ಲ. ಮರುವರ್ಷ, ಕೊಲ್ಹಾಪುರದ ಕರವೀರ ಪೀಠದ ಶಂಕರಾಚಾರ್ಯ ಡಾ. ಕುರ್ತಕೋಟಿಯವರು ಡಾ. ಮುಂಜೆಯವರ ಜೊತೆ ಸೇರಿ, ಅಸ್ಪೃಶ್ಯರು ಹೋಗಲೇಬೇಕೆಂದರೆ ಸಿಖ್ ಧರ್ಮಕ್ಕೆ ಹೋಗಲಿ ಎಂದು ಒಪ್ಪಿಗೆ ಕೊಟ್ಟರು. ನಾವು ಎಲ್ಲಿಗೆ ಹೋಗಬೇಕು ಎಂದು ಹೇಳಲು ಎಲ್ಲರೂ ತಯಾರಿದ್ದರು. ಇದ್ದಲ್ಲಿ ಏನು ಬದಲಿಸುತ್ತೇವೆ ಎಂದು ಹೇಳಲು ಯಾರೂ ತಯಾರಿರಲಿಲ್ಲ. ಯೇವಲೆಯ ಮಾತಿನಿಂದ ನಾಗಪುರದ ದೀಕ್ಷೆಗೆ ಇಪ್ಪತ್ತೊಂದು ವರ್ಷ ಹಿಡಿಯಿತು. ಅಷ್ಟು ಕಾಲ ಅವರು ಕಾದರು, ಓದಿದರು, ತೂಗಿ ನೋಡಿದರು. ಸಿಟ್ಟಿನಲ್ಲಿ ಹೋದವರು ಇಪ್ಪತ್ತೊಂದು ವರ್ಷ ಕಾಯುವುದಿಲ್ಲ.

ಮಾನ ಕೊಡುವುದು ಅಷ್ಟು ಕಷ್ಟದ ಕೆಲಸವೇ? ನಮ್ಮ ಮಿರಜಿನ ಮೀರಾಸಾಹೇಬ ದರ್ಗಾದ ಉರುಸಿನಲ್ಲಿ ಗೋರಿಗೆ ಮೊದಲ ಗಲೀಫ (ಚಾದರ) ಏರಿಸುವ ಮಾನ ಚರ್ಮಕಾರ ಸಮಾಜದ್ದು. ತಲೆತಲಾಂತರದಿಂದ ನಡೆದು ಬಂದಿದೆ, ಎಲ್ಲ ಜಾತಿಯವರೂ ಬಂದು ನೋಡುತ್ತಾರೆ. ಇಲ್ಲೇ, ನಮ್ಮ ಕಣ್ಣೆದುರಿಗೇ.

ಈಗ ನನ್ನ ಮನೆಯ ಒಳಗಿನ ಕಾರಣ ಹೇಳುತ್ತೇನೆ. ಇದನ್ನು ಅಂದು ಗಂಡಸರ ಎದುರಿಗೆ ಹೇಳಲು ಆಗಲಿಲ್ಲ. ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವನ ತಲೆಗೂದಲು ಎಳೆಯ ವಯಸ್ಸಿನಲ್ಲಿ ಗಂಟುಗಟ್ಟಿ ಜಡೆಯಾಯಿತು. ಎಣ್ಣೆ ಇಲ್ಲ, ವಾರಕ್ಕೊಮ್ಮೆ ತಲೆಗೆ ನೀರಿಲ್ಲ, ಕೂದಲು ಗಂಟಾಗುವುದು ಸಹಜ. ಹಿರಿಯರು ಕೂಡಿ ಎಲ್ಲವ್ವ ಮೈಯಲ್ಲಿ ಬಂದಿದ್ದಾಳೆ ಎಂದರು. ಎಲ್ಲವ್ವನ ಗುಡ್ಡಕ್ಕೆ ಕರೆದೊಯ್ದು ಬೇವಿನುಡುಗೆ ಉಡಿಸಿ ಮುತ್ತು ಕಟ್ಟಿದರು. ಕೆಂಪು, ಬಿಳಿ ಮಣಿಗಳ ಒಂದು ಸರ. ಅದು ಕೊರಳಿಗೆ ಬಿದ್ದ ಮೇಲೆ ಮದುವೆ ಇಲ್ಲ. ಬಂದವರು ಗಂಡಂದಿರಲ್ಲ, ಹೋದವರನ್ನು ಕೇಳುವ ಹಾಗಿಲ್ಲ. ಅವಳಿಗೆ ಎರಡು ಮಕ್ಕಳಾದವು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಬರೆಯುವ ಕಡೆ ಮಾಸ್ತರರು ದೇವಿಯ ಹೆಸರು ಬರೆದರು. ಮಂಗಳವಾರ, ಶುಕ್ರವಾರ ತಲೆಯ ಮೇಲೆ ದೇವಿಯ ಬುಟ್ಟಿಯಾದ ಜಗ ಹೊತ್ತು ಜೋಗ ಬೇಡುತ್ತ ದೊಡ್ಡವ್ವ ಓಣಿ ಓಣಿ ತಿರುಗುವಾಗ, ಗೌಡರ ಮನೆಯ ಹೆಂಗಸರು ಅವಳ ಕಾಲಿಗೆ ಬೀಳುತ್ತಿದ್ದರು. ನೀರು ಮಾತ್ರ ಮೇಲಿನಿಂದ ಹೊಯ್ಯುತ್ತಿದ್ದರು. ಐವತ್ತು ತುಂಬುವ ಮೊದಲೇ ಅವಳು ಸತ್ತಳು, ಯಾವ ರೋಗದಿಂದ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮುತ್ತು ಕಟ್ಟುವುದನ್ನು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಮಹಾರಾಷ್ಟ್ರದ ಕಾಯ್ದೆ 2005ರದು. ಅದಕ್ಕೂ ಮೊದಲು 1934ರಲ್ಲಿ ಮುಂಬೈ ಪ್ರಾಂತದಲ್ಲಿ ಒಂದು ಕಾಯ್ದೆ ಬಂದಿತ್ತು. ಕಾಯ್ದೆಗಳು ಬಂದವು, ನಡುವೆ ನನ್ನ ದೊಡ್ಡವ್ವನ ಕೊರಳಿಗೆ ಮುತ್ತೂ ಬಂತು. ಹೀಗೆ ಯಾರ ಮನೆಯ ಹೆಣ್ಣುಮಕ್ಕಳಿಗೆ ದೇವಿ ಮೈಯಲ್ಲಿ ಬರುತ್ತಾಳೆ ಎಂಬುದನ್ನು ಪೂಜ್ಯರು ಒಮ್ಮೆಯಾದರೂ ವಿಚಾರಿಸಿದ್ದೀರಾ? ಗೌಡರ ಮನೆಯ ಮಗುವಿನ ಕೂದಲೂ ಗಂಟಾಗುತ್ತದೆ. ಅಲ್ಲಿ ಬಾಚಣಿಕೆ ತರುತ್ತಾರೆ. ನನ್ನ ಮಗಳು ಹುಟ್ಟಿದ ದಿನವೇ ನಾನು ನಿರ್ಧರಿಸಿದ್ದೆ, ನಮ್ಮ ಮನೆಯ ಯಾವ ಹುಡುಗಿಯ ಕೂದಲಿಗೂ ಇನ್ನು ಮೇಲೆ ದೇವಿಯ ಹಕ್ಕು ಇರಬಾರದು. ದೀಕ್ಷೆಯ ದಿನ ಪ್ರತಿಜ್ಞೆ ಹೇಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ತತ್ತ್ವಜ್ಞಾನವಲ್ಲ, ದೊಡ್ಡವ್ವನ ಕೊರಳು.

ನೀವು ನಿಜವಾಗಿಯೂ ಕರೆಸಿ ಬುದ್ಧಿ ಹೇಳಬಹುದಾದರೆ ಯಾರನ್ನು ಕರೆಸುತ್ತೀರಿ? ಮುತ್ತು ಕಟ್ಟಿದವರು ಸತ್ತಿದ್ದಾರೆ. ಬೇವಿನ ಕೆಳಗೆ ಕೂರಿಸಿದವರಿಗೆ ತಾವು ತಪ್ಪು ಮಾಡಿದೆವು ಎಂಬುದೇ ಗೊತ್ತಿಲ್ಲ. ಒಬ್ಬ ಮನುಷ್ಯನ ತಪ್ಪಾಗಿದ್ದರೆ ಅವನನ್ನು ಕ್ಷಮಿಸಿ ಇದ್ದುಬಿಡುತ್ತಿದ್ದೆವು.

ಕಾನೂನಿನ ಮಾತನ್ನು ಉದ್ದ ಮಾಡುವುದಿಲ್ಲ, ಆದರೆ ಹೇಳದೆ ಬಿಡಲೂ ಆಗದು. ಸಂವಿಧಾನದ 25ನೆಯ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. 2014ರಲ್ಲಿ ಮುಂಬೈ ಹೈಕೋರ್ಟು, ಯಾವ ಧರ್ಮಕ್ಕೂ ಸೇರಿದವನಲ್ಲ ಎಂದು ಹೇಳಿಕೊಳ್ಳುವುದೂ ಆ ಸ್ವಾತಂತ್ರ್ಯದಲ್ಲೇ ಬರುತ್ತದೆ, ಧರ್ಮ ಯಾವುದೆಂದು ಹೇಳು ಎಂದು ಸರ್ಕಾರ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಗೆಜೆಟ್‌ನಲ್ಲಿ ಹಾಗೆ ಪ್ರಕಟಿಸಲು ಸರ್ಕಾರಿ ಮುದ್ರಣಾಲಯ ಒಪ್ಪದಿದ್ದಾಗ ಮೂವರು ಹೂಡಿದ್ದ ಪ್ರಕರಣ ಅದು. ನಮ್ಮ ಬೀಗರು ಗಡಿಯಾಚೆ ಅಥಣಿ ತಾಲೂಕಿನಲ್ಲಿದ್ದಾರೆ. ಅಲ್ಲಿ 2022ರಲ್ಲಿ ಬಂದ ಕಾಯ್ದೆ, ಮತಾಂತರವಾಗುವವರು 30 ದಿನ ಮೊದಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು ಎಂದಿತು. ಹಿಂದಿನ ಧರ್ಮಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲ ಎಂದೂ ಬರೆಯಿತು. ಹೋಗುವವರಿಂದ ಅರ್ಜಿ ಕೇಳಿ, ಮರಳಿ ಬರುವವರನ್ನು ಏನೂ ಕೇಳದ ಕಾಯ್ದೆ ನ್ಯಾಯದ್ದು ಎಂದು ನನಗೆ ಅನ್ನಿಸುವುದಿಲ್ಲ.

ನೀವು ಬಂದುಹೋದ ವಾರದಲ್ಲೇ ಕೆಲವರು, "ಇನ್ನ ಅವರನ್ನ ಎಲಿ ಕೀಳಾಕ ಕರೀಬ್ಯಾಡ್ರಿ, ದ್ರಾಕ್ಷಿ ಛಾಟಣಿಗೂ ಬ್ಯಾಡ" ಎಂದು ಮಾತಾಡಿಕೊಂಡರು. ನೀವು ಹೇಳಿಕೊಟ್ಟಿರಿ ಎಂದು ನಾನು ಅನ್ನುತ್ತಿಲ್ಲ. ಆದರೆ ಒಂದು ಮಾತು ಹೇಳಿ ಅದನ್ನು ನಿಲ್ಲಿಸುವ ಶಕ್ತಿ ನಿಮಗಿದೆ. ನಮ್ಮ ಕೇರಿಯ ಒಲೆ ಉರಿಯುವುದು ಎಲೆತೋಟದ, ದ್ರಾಕ್ಷಿತೋಟದ ಕೂಲಿಯಿಂದ. ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರಿ ಪ್ರತ್ಯೇಕ ಕಾಯ್ದೆ ಮಾಡಿದ ರಾಜ್ಯ ನಮ್ಮದು. 2016ರಲ್ಲಿ ವಿಧಾನಮಂಡಲ ಒಪ್ಪಿ 2017ರ ಜುಲೈಯಿಂದ ಜಾರಿಗೆ ಬಂತು. ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ಪಕ್ಕದ ಬೇಡಗದಲ್ಲಿ 2023ರಲ್ಲಿ ಬಾಬಾಸಾಹೇಬರ ಹೆಸರಿನ ಕಮಾನು ಕೆಡವಿದಾಗ ಅಲ್ಲಿಯ ನಮ್ಮ ಜನ ಹೆಂಡಿರು ಮಕ್ಕಳೊಂದಿಗೆ ಊರು ಬಿಟ್ಟು ಮುಂಬೈ ದಾರಿ ಹಿಡಿದು ನಡೆದರು. ಅಂಥ ದಿನ ಲಿಂಗನೂರಿಗೆ ಬರಬಾರದು. ಪೊಲೀಸರ ಹತ್ತಿರ ಹೋಗುವ ಆಸೆ ನಮಗಿಲ್ಲ. ನಾವು ಧರ್ಮ ಬಿಟ್ಟಿದ್ದೇವೆ, ಊರು ಬಿಟ್ಟಿಲ್ಲ. ನಿಮ್ಮ ಮನೆಯ ಸಾವಿಗೆ ಬರುತ್ತೇವೆ, ಮದುವೆಗೆ ಕರೆದರೆ ಬರುತ್ತೇವೆ. ಮೊಹರಮ್ಮಿನ ಡೋಲಿಗಳು ಏಳುವಾಗ ಎಂದಿನಂತೆ ನಿಂತು ನೋಡುತ್ತೇವೆ. "ನಾಳೆ ನಿಮ್ಮ ಹೆಣ ಎತ್ತಾಕ ಯಾರು ಬರ್ತಾರ" ಎಂದು ಪಂಚರೊಬ್ಬರು ಕೇಳಿದರು. ಇಷ್ಟು ವರ್ಷ ನಮ್ಮ ಹೆಣ ಎತ್ತಿದವರು ನಮ್ಮ ಕೇರಿಯವರೇ. ಮುಂದೆಯೂ ಅವರೇ ಎತ್ತುತ್ತಾರೆ.

ಬೌದ್ಧರಾದೊಡನೆ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ನಮ್ಮಲ್ಲಿ ಇನ್ನೂ ಗಂಡು ಹೆಣ್ಣು ನೋಡುವಾಗ ಹಳೆಯ ಜಾತಿಯೊಳಗೇ ಹುಡುಕುತ್ತೇವೆ. ಮಾಂಗ, ಚಮ್ಮಾರ ಕುಟುಂಬಗಳನ್ನು ವಿಹಾರಕ್ಕೆ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳುವ ಕೆಲಸ ಅರ್ಧವೂ ಆಗಿಲ್ಲ. ಜಯಂತಿಯಲ್ಲಿ ಡಿಜೆಗೆ ಸುರಿಯುವ ದುಡ್ಡು ಹುಡುಗಿಯರ ಓದಿಗೆ ಹೋಗುತ್ತಿಲ್ಲ. ಇದನ್ನೆಲ್ಲ ನಮ್ಮ ಸಭೆಗಳಲ್ಲಿ ಗಟ್ಟಿಯಾಗಿ ಹೇಳುತ್ತೇನೆ, ಹೇಳಿ ಬೈಸಿಕೊಂಡಿದ್ದೇನೆ. ಆದರೆ ಇಲ್ಲಿ ಜಾತಿ ಮಾಡುವವನ ಎದುರಿಗೆ ನಿಂತು, ನೀನು ಹೇಳಿದ ಪ್ರತಿಜ್ಞೆಗೇ ತಪ್ಪಿದ್ದೀಯ ಎಂದು ನಾನು ಕೇಳಬಹುದು. ಅಲ್ಲಿ ಕೇಳಿದರೆ, ಹಿಂದಿನಿಂದ ನಡೆದು ಬಂದದ್ದು ಎಂದು ಉತ್ತರ ಸಿಗುತ್ತಿತ್ತು. ನನಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಇನ್ನು ಅವ್ವ.

ಅವ್ವ ದೀಕ್ಷೆ ತೆಗೆದುಕೊಂಡಿಲ್ಲ. ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರಲಿಲ್ಲ. "ನಂಗ ಎಲ್ಲವ್ವ ಬೇಕವ್ವಾ, ನನ್ನ ಅಕ್ಕನ್ನ ಕೂಡ ಆಕಿ ಅದಾಳ" ಎಂದಳು. ನಾವು ಒತ್ತಾಯ ಮಾಡಲಿಲ್ಲ. ಅವಳ ಮನಸ್ಸಾಕ್ಷಿ ಅವಳದು. ನಮ್ಮ ಮನೆಯ ಒಂದು ಗೋಡೆಗೆ ಬುದ್ಧ, ಬಾಬಾಸಾಹೇಬರ ಪಟ ಇವೆ. ಅಡುಗೆಮನೆಯ ಮೂಲೆಯಲ್ಲಿ ಅವ್ವನ ಜಗುಲಿ ಇದೆ, ಭಂಡಾರದ ಡಬ್ಬಿ ಇದೆ, ದೊಡ್ಡವ್ವನ ಜಗ ಇದೆ. ಹುಣ್ಣಿಮೆಗೆ ಅವಳು ಪಡ್ಡಲಗಿ ತುಂಬಿಸುತ್ತಾಳೆ, ಹೋಳಿಗೆ ಮಾಡಲು ನಾನೇ ಕೈಜೋಡಿಸುತ್ತೇನೆ. ಒಂದೇ ಮನೆಯಲ್ಲಿ ಎರಡು ಧರ್ಮ ಇರಬಹುದು ಎಂಬುದು ನಮಗೆ ಕಷ್ಟವಾಗಿಲ್ಲ.

ಅಂದು ನೀವು ಅವಳ ಜೊತೆ ಪ್ರತ್ಯೇಕ ಮಾತಾಡಿದಿರಿ. ಮಕ್ಕಳು ದೇವಿಯನ್ನು ಬಿಟ್ಟರೆ ದೇವಿ ಮನೆಯ ಗಂಡು ಕೂಸಿನ ಮೇಲೆ ಮುನಿಯುತ್ತಾಳೆ ಎಂದು ಹೇಳಿದಿರಿ. ಅದಾದ ಮೇಲೆ ಎಷ್ಟೋ ರಾತ್ರಿ ಅವ್ವ ಎದ್ದು ಕೂತು ಮೊಮ್ಮಗನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ನೀವು ನನ್ನನ್ನು ಎಷ್ಟಾದರೂ ಟೀಕಿಸಿ, ನನ್ನ ಓದು, ನನ್ನ ವಿಚಾರ, ನನ್ನ ನಡತೆ ಎಲ್ಲವನ್ನೂ ಪ್ರಶ್ನಿಸಿ, ಉತ್ತರ ಕೊಡುತ್ತೇನೆ. ಮುದುಕಿಯ ಎದೆಯಲ್ಲಿ ಕೂಸಿನ ಸಾವಿನ ಭಯ ಬಿತ್ತುವುದು ಯಾವ ಗುರುವಿನ ಕೆಲಸವೂ ಅಲ್ಲ. ಇದೊಂದನ್ನು ನಾನು ಮರೆಯುವುದಿಲ್ಲ.

ಹೊರಡುವಾಗ ನೀವು ಅವಳಿಗೆ ವಿಭೂತಿ ಕೊಟ್ಟಿರಿ. ಅವ್ವ ಸೆರಗು ತಲೆಗೆ ಹೊದ್ದು, ಎರಡೂ ಕೈ ಬೊಗಸೆ ಮಾಡಿ ಮುಂದೆ ಚಾಚಿದಳು. ವಿಭೂತಿ ಒಂದು ಗೇಣು ಮೇಲಿನಿಂದ ಬಿತ್ತು. ಅರ್ಧ ಬೊಗಸೆಗೆ, ಅರ್ಧ ನೆಲಕ್ಕೆ. ಅವಳು ಬಗ್ಗಿ, ನೆಲದ ಮೇಲಿನದನ್ನೂ ಬೆರಳಿನಿಂದ ಒರೆಸಿ ತೆಗೆದು ಹಣೆಗೆ ಹಚ್ಚಿಕೊಂಡಳು. ಅವಳಿಗೆ ಏನೂ ಅನ್ನಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು ನೋಡಿದಳು. ನೀವು ಬೇಕೆಂದೇ ಮಾಡಿದಿರಿ ಎಂದು ನಾನು ಹೇಳುತ್ತಿಲ್ಲ, ನಿಮ್ಮ ಕೈಗೆ ಅದು ರೂಢಿಯಾಗಿದೆ. ಆದರೆ ಅಂದು ಆ ಮನೆಯಲ್ಲಿ ನಿಮ್ಮ ಧರ್ಮದಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಬಿಟ್ಟು ಹೋದ ನಮ್ಮನ್ನು ಮನವೊಲಿಸಲು ಮೈಲಿಗಟ್ಟಲೆ ಬಂದವರು, ಉಳಿದವಳ ಕೈಯನ್ನು ಮುಟ್ಟಲಿಲ್ಲ. ನಾವು ಯಾಕೆ ಬಿಟ್ಟೆವು ಎಂದು ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ.

ಹಾಗಾಗಿ ನಮ್ಮನ್ನು ಮರಳಿ ಕರೆಯುವುದನ್ನು ನಿಲ್ಲಿಸಿ. ನಾವು ಬರುವುದಿಲ್ಲ. ಇದು ಹಟವಲ್ಲ, ಯೋಚಿಸಿ ಮಾಡಿದ ತೀರ್ಮಾನ. ನಿಮ್ಮ ಹತ್ತಿರ ಉಳಿದಿರುವವರ ಕಡೆ ನೋಡಿ. ನಮ್ಮ ಕೇರಿಯಲ್ಲಿ ಇಂದಿಗೂ ಅರ್ಧಕ್ಕಿಂತ ಹೆಚ್ಚು ಮನೆಗಳು ನಿಮ್ಮ ದೇವರಿಗೇ ಕಾಯಿ ಒಡೆಯುತ್ತವೆ. ಜಾತ್ರೆಯ ಪಟ್ಟಿ ಕೊಡುತ್ತವೆ, ಪಲ್ಲಕ್ಕಿ ಬರುವ ದಾರಿ ಗುಡಿಸುತ್ತವೆ, ಹಲಗೆ ಬಾರಿಸುತ್ತವೆ. ಅವರ ನೈವೇದ್ಯ ಈಗಲೂ ಹೊರಗಿನ ಕಟ್ಟೆಯ ಮೇಲೆಯೇ ಇಳಿಯುತ್ತದೆ. ಕೇರಿಯ ಒಬ್ಬ ಮನುಷ್ಯನೂ ಪಂಚಕಮಿಟಿಯಲ್ಲಿ ಇಲ್ಲ.

ಅವ್ವನಿಗೆ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಬರುವ ಜಾತ್ರೆಗೆ ಅವಳು ನೈವೇದ್ಯ ತರುತ್ತಾಳೆ, ಬೇಡವೆಂದರೂ ಕೇಳುವವಳಲ್ಲ. ಅಂದು ನಿಮ್ಮ ಮನೆಯ ಹೆಂಗಸರು ಯಾವ ಹೊಸ್ತಿಲವರೆಗೆ ಹೋಗುತ್ತಾರೋ ಅಲ್ಲಿಯವರೆಗೆ ಅವಳನ್ನು ಕರೆದುಕೊಂಡು ಹೋಗಿ, ಪ್ರಸಾದವನ್ನು ಅವಳ ಕೈಯಲ್ಲಿ ಇಡಿ. ನಾನು ಕೇಳುವುದು ಇಷ್ಟೇ.

ಇಂತಿ,
ನಿಮ್ಮೂರಿನವಳೇ ಆದ ಒಬ್ಬ ಬೌದ್ಧ ಹೆಣ್ಣುಮಗಳು,
ಲಿಂಗನೂರು, ತಾಲೂಕು ಮಿರಜ, ಜಿಲ್ಲೆ ಸಾಂಗಲಿ